ಸೋತವರಿಗೆ ಮೊದಲ ಎಲೆ

ಕಳೆದ ವಾರ ಬಹ್ರೇನಿನ ನಮ್ಮ ಕನ್ನಡಿಗರ ಸಂಘದ ವಾಟ್ಸಾಪ್ ಗುಂಪಿನಲ್ಲಿ ನನ್ನ ಫೋಟೋ ಬಂತು. ಸೂಟು ತೊಟ್ಟು, ಕೈಕಟ್ಟಿಕೊಂಡು, ತುಸು ಎಡಕ್ಕೆ ತಿರುಗಿ ನಿಂತ ಫೋಟೋ. ಅಧ್ಯಕ್ಷರಾಗಿ ಅವಿರೋಧವಾಗಿ ಆಯ್ಕೆಯಾಗಲಿರುವ ನಮ್ಮೆಲ್ಲರ ನೆಚ್ಚಿನವರು ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದ್ದರು. ನಾಮಪತ್ರ ಸಲ್ಲಿಸಲು ಇನ್ನೂ ಸಮಯವಿತ್ತು. ಆದರೆ ಅಭಿನಂದನೆಗೆ ಯಾರೂ ಕಾಯಲಿಲ್ಲ. ಮುಗಿದ ಕೈಗಳು, ಹೂಗುಚ್ಛಗಳು, ಚಪ್ಪಾಳೆಗಳು ಒಂದರ ಹಿಂದೊಂದು ಬಂದವು. ಒಬ್ಬರು ಮಾತ್ರ ಏನನ್ನೂ ಕಳಿಸಲಿಲ್ಲ. ಕಾರ್ಕಳದ ಹತ್ತಿರದ ಊರಿನಲ್ಲಿ ಕೂತು ಅವರು ಅದನ್ನು ನೋಡಿದ್ದಾರೆ, ಇವತ್ತಲ್ಲ ನಾಳೆ ಅವರ ಫೋನು ಬರುತ್ತದೆ ಎಂದು ನನಗೆ ಖಾತ್ರಿಯಾಯಿತು. ಅದು ಬರುವುದರೊಳಗೆ ಅವರ ಬಗ್ಗೆ ನಾಲ್ಕು ಮಾತು ಬರೆದಿಡೋಣ ಎಂದು ಕೂತಿದ್ದೇನೆ.

ಹೆಸರು ಬರೆಯುವುದಿಲ್ಲ. ಹೆಸರು ಹಾಕಿದರೆ ಅದು ಪ್ರಚಾರ, ಪ್ರಚಾರ ಮಾಡುವುದಾದರೆ ಎದುರಾಳಿಯ ಹೆಸರನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕು ಎನ್ನುವ ಮನುಷ್ಯ ಅವರು. ಇಲ್ಲಿನ ಹಿದ್ದ್ ಬಂದರಿನ ಬಳಿ ಇರುವ ನಮ್ಮ ಕಂಪನಿಯ ಗೋದಾಮಿನಲ್ಲಿ ಅವರು ಆಗ ಫೋರ್‌ಮನ್. ನಾನು ಅದೇ ಕಂಪನಿಯಲ್ಲಿ ಅಕೌಂಟೆಂಟ್. ಅಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ಕರಾವಳಿಯ ಹುಡುಗರು ಹಾಗೆ ಕರೆದದ್ದನ್ನು ಕೇಳಿ ಫಿಲಿಪ್ಪೀನ್ಸಿನವರು ಅದೇ ಅವರ ಹೆಸರು ಎಂದುಕೊಂಡು ಮಿಸ್ಟರ್ ಅಣ್ಣ ಎಂದು ಕರೆಯುತ್ತಿದ್ದರು. ಅವರು ಯಾರನ್ನೂ ತಿದ್ದಲಿಲ್ಲ. ನಾನು ದಾವಣಗೆರೆಯವನು, ಊರಲ್ಲಿ ಅಣ್ಣಂದಿರಿಗೆ ನನಗೇನೂ ಬರವಿರಲಿಲ್ಲ, ಆದರೂ ಒಂದು ತಿಂಗಳೊಳಗೆ ನನಗೂ ಅವರು ಅಣ್ಣನೇ ಆದರು.

ನೋಡಲು ಅವರು ಗಿಡ್ಡ, ಗಟ್ಟಿ ಆಸಾಮಿ. ಮೀಸೆಗೆ ಬಣ್ಣ ಹಚ್ಚುತ್ತಿದ್ದರು, ತಲೆಗೆ ಹಚ್ಚುತ್ತಿರಲಿಲ್ಲ. ಕೇಳಿದರೆ ಮೀಸೆ ಎದುರಿಗೆ ಕಾಣುವಂಥದ್ದು, ತಲೆಯ ಮೇಲೆ ಹೇಗೂ ಹೆಲ್ಮೆಟ್ ಇರುತ್ತದೆ ಎನ್ನುತ್ತಿದ್ದರು. ಗಂಟಲು ದೊಡ್ಡದು. ಗೋದಾಮಿನ ಈ ತುದಿಯಲ್ಲಿ ಅವರು ಅರಬ್ಬಿಯಲ್ಲಿ ಯಲ್ಲಾ, ನಡೀರಿ ಎಂದರೆ ಆ ತುದಿಯ ಫೋರ್ಕ್‌ಲಿಫ್ಟ್ ಚಲಿಸುತ್ತಿತ್ತು. ವಿನಯ ಗಿನಯ ಏನೂ ಇರಲಿಲ್ಲ, ತಮ್ಮ ಮೀನುಸಾರಿನ ಬಗ್ಗೆ ಅವರಾಡುತ್ತಿದ್ದ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಜಂಬ ಎಂದೇ ಹೇಳಬೇಕಾಗುತ್ತಿತ್ತು. ಸಾರು ನಿಜವಾಗಿಯೂ ಚೆನ್ನಾಗಿರುತ್ತಿತ್ತು ಎನ್ನುವುದು ಬೇರೆ ಮಾತು.

ಅವರಿಗಿದ್ದ ಹುಚ್ಚು ಒಂದೇ, ಚುನಾವಣೆ. ಅದರಲ್ಲೂ ಅಧ್ಯಕ್ಷರ ಚುನಾವಣೆ. ಯಾವ ದೇಶದ್ದಾದರೂ ಸರಿ. ಬಹ್ರೇನಿನಂಥ ಊರಿನಲ್ಲಿ ಈ ಹುಚ್ಚಿಗೆ ಮೇವು ಬೇಕಾದಷ್ಟು. ನಮ್ಮ ಊಟದ ಕೋಣೆಯಲ್ಲಿ ಫಿಲಿಪ್ಪೀನ್ಸಿನವರಿದ್ದರು, ಶ್ರೀಲಂಕಾದವರಿದ್ದರು, ಒಂದಲ್ಲ ಒಂದು ದೇಶದಲ್ಲಿ ಯಾರಾದರೊಬ್ಬರು ಅಧ್ಯಕ್ಷರಾಗಲು ಹೊರಟೇ ಇರುತ್ತಿದ್ದರು. ಅಣ್ಣ ಬೆಳಿಗ್ಗೆ ಚಹಾ ಕುಡಿಯುವಾಗಲೇ ಯಾರು ಮುಂದೆ, ಯಾರು ಹಿಂದೆ ಎಂದು ವಿಚಾರಿಸುತ್ತಿದ್ದರು. ಹೆಸರುಗಳನ್ನು ತಪ್ಪುತಪ್ಪಾಗಿ ಹೇಳುತ್ತಿದ್ದರು. ಪಕ್ಷಗಳನ್ನು ಅವರು ನೆನಪಿಡುತ್ತಿದ್ದದ್ದು ಬಣ್ಣದಿಂದ. ಭವಿಷ್ಯ ಹೇಳಿದರೆ ಒಂದೂ ನಿಜವಾಗುತ್ತಿರಲಿಲ್ಲ, ಏಕೆಂದರೆ ಅವರು ಯಾವಾಗಲೂ ಸೋಲುವವನ ಪರ.

ನಾನು ಕೆಲಸಕ್ಕೆ ಸೇರಿದ ವಾರವೇ ಫಿಲಿಪ್ಪೀನ್ಸಿನ ಚುನಾವಣೆಯ ಕಾವು ಏರಿತ್ತು. ಆ ದೇಶದವರು ಇಲ್ಲಿಂದಲೇ ಮತ ಹಾಕಬಹುದು. ಫೋರ್ಕ್‌ಲಿಫ್ಟ್ ಓಡಿಸುವ ರಾಮೋನ್ ಒಬ್ಬ ಅಭ್ಯರ್ಥಿಯ ಕಡೆ, ಕಾಗದಪತ್ರ ನೋಡುವ ಜೋಸೆಲಿನ್ ಇನ್ನೊಬ್ಬರ ಕಡೆ. ಇಬ್ಬರೂ ಒಂದೇ ಊರಿನವರು, ಅದುವರೆಗೆ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದವರು. ಈಗ ಮಾತು ಬಿಟ್ಟಿದ್ದರು. ಜೋಸೆಲಿನ್ ಡೆಲಿವರಿ ಕಾಗದವನ್ನು ಮೇಜಿನ ಮೇಲೆ ಇಡುತ್ತಾಳೆ, ರಾಮೋನ್ ಅದನ್ನು ನೋಡದವನ ಹಾಗೆ ಕೂರುತ್ತಾನೆ, ಹೊರಗೆ ಲಾರಿಯವನು ಹಾರ್ನ್ ಒತ್ತುತ್ತಾನೆ. ಕೊನೆಗೆ ಅಣ್ಣನೇ ಆ ಕಾಗದವನ್ನು ಎತ್ತಿ ನಾಲ್ಕು ಹೆಜ್ಜೆಯಾಚೆ ಕೊಡಬೇಕು. ಬೇರೆ ಫೋರ್‌ಮನ್ ಆಗಿದ್ದರೆ ಇಬ್ಬರಿಗೂ ಬೈದು ಮುದೀರನಿಗೆ ಹೇಳುತ್ತಿದ್ದ, ಎಂದರೆ ನಮ್ಮ ಮ್ಯಾನೇಜರನಿಗೆ. ಅಣ್ಣ ಸಂತೋಷದಿಂದ ಕಾಗದ ಹೊರುತ್ತಿದ್ದರು, ಚುನಾವಣೆ ಎಂದರೆ ಹೀಗೇ ಇರಬೇಕು ಎನ್ನುವಂತೆ.

ಫಲಿತಾಂಶ ಬಂದ ದಿನ ಜೋಸೆಲಿನ್ ಊಟದ ಕೋಣೆಗೆ ಬರಲಿಲ್ಲ. ಅವಳ ಕಡೆಯವರು ಸೋತಿದ್ದರು. ಅಣ್ಣ ಹೋಗಿ ಅವಳನ್ನು ಕರೆದುಕೊಂಡು ಬಂದರು, ಕುರ್ಚಿ ಎಳೆದು ಕೂರಿಸಿದರು. ಆಮೇಲೆ ಸೆಗಯಾ ಬಡಾವಣೆಯ ತಮ್ಮ ಕೋಣೆಯಲ್ಲಿ ಬೆಳಗಿನ ಜಾವ ಎದ್ದು ಮಾಡಿ ತಂದಿದ್ದ ಮೀನುಸಾರಿನ ಪಾತ್ರೆಯನ್ನು ರಾಮೋನ್ ಕೈಗೆ ಕೊಟ್ಟು ಬಡಿಸು ಎಂದರು. ಅವನು ಬಡಿಸಿದ. ಅವಳ ತಟ್ಟೆ ತುಂಬುವವರೆಗೆ ಉಳಿದವರು ಯಾರೂ ತಮ್ಮ ಡಬ್ಬಿ ಬಿಚ್ಚಲಿಲ್ಲ. ಹೊಸಬನಾದ ನಾನು ಬಾಯಿಯವರೆಗೆ ಒಯ್ದಿದ್ದ ಖುಬ್ಬೂಸ್ ರೊಟ್ಟಿಯ ತುಂಡನ್ನು ವಾಪಸ್ಸು ಇಟ್ಟೆ. ಇದು ಈ ಕೋಣೆಯ ಪದ್ಧತಿ, ಬಹಳ ವರ್ಷದಿಂದ ನಡೆದು ಬಂದದ್ದು ಎಂದು ಪಕ್ಕದಲ್ಲಿ ಕೂತಿದ್ದ ಶ್ರೀಲಂಕಾದ ನಿಮಲ್ ಪಿಸುಗುಟ್ಟಿದ. ಸೋತವರಿಗೆ ಮೊದಲ ಊಟ, ಬಡಿಸುವವರು ಗೆದ್ದವರು. ಜೋಸೆಲಿನ್ ಎರಡು ತುತ್ತು ತಿಂದು ಉಪ್ಪು ಸಾಲದು ಎಂದಳು. ಮಾತು ಬಿಟ್ಟ ಮೇಲೆ ಅವಳು ರಾಮೋನ್ ಜೊತೆ ಆಡಿದ ಮೊದಲ ಮಾತು ಅದು. ಉಪ್ಪಿನ ವಿಷಯ ಅಣ್ಣನಿಗೆ ಬಹಳ ದಿನ ಬೇಸರವಿತ್ತು.

ನಿಮಲ್‌ನ ದೇಶದಲ್ಲಿ ಹೊರಗಿದ್ದವರಿಗೆ ಮತವಿಲ್ಲ, ನಮಗಿದ್ದರೂ ಊರಿಗೆ ಹೋಗಿಯೇ ಹಾಕಬೇಕು. ಅಣ್ಣನಿಗೆ ಊರಿನ ಚುನಾವಣೆ ಮತ್ತು ರಜೆ ಒಂದೇ ತಿಂಗಳಲ್ಲಿ ಎಂದೂ ಬಂದಿರಲಿಲ್ಲ. "ಫಿಲಿಪ್ಪೀನ್ಸಿನವರು ಇಲ್ಲೇ ಹಾಕ್ತಾರೆ, ಅಮೆರಿಕದವರು ಅಂಚೆಯಲ್ಲಿ ಹಾಕ್ತಾರೆ, ನಾನು ಮತ್ತೆ ನಿಮಲ್ ಚಾ ಕುಡಿಯುದು," ಎನ್ನುತ್ತಿದ್ದರು. ಶ್ರೀಲಂಕಾದ ಚುನಾವಣೆ ಬಂದಾಗ ನಿಮಲ್ ಮೊಬೈಲಿನಲ್ಲಿ ಅಭ್ಯರ್ಥಿಗಳ ಫೋಟೋ ತೋರಿಸಿದ. ಬೆರಳಲ್ಲಿ ಸರಿಸಿದಷ್ಟೂ ಮುಗಿಯುತ್ತಿರಲಿಲ್ಲ. ಮೊದಲ ಮೂವರನ್ನು ಬಿಟ್ಟರೆ ಉಳಿದವರು ಯಾರೆಂದು ನಿಮಲ್‌ಗೇ ತಿಳಿಯದು. ಅಣ್ಣ ಕನ್ನಡಕ ಏರಿಸಿ ಕೊನೆಯ ಕಡೆಯಲ್ಲಿದ್ದ ಒಬ್ಬ ಮುದುಕನನ್ನು ಆರಿಸಿಕೊಂಡರು. ಶರಟಿನ ಕಾಲರು ಒಂದು ಕಡೆ ಮಡಚಿಕೊಂಡಿತ್ತು, ಫೋಟೋ ತೆಗೆಯುವಾಗ ಸರಿಮಾಡಲು ಕೂಡ ಇವನಿಗೆ ಯಾರೂ ಇಲ್ಲ ಎನ್ನುವುದೇ ಅವರು ಕೊಟ್ಟ ಕಾರಣ. ಎಣಿಕೆಯ ದಿನ ಉಳಿದವರು ಯಾರು ಗೆಲ್ಲುತ್ತಾರೆ ಎಂದು ನೋಡುತ್ತಿದ್ದರೆ ಅಣ್ಣ ಗಂಟೆಗೊಮ್ಮೆ ಬಂದು ನಮ್ಮ ಅಜ್ಜನಿಗೆ ಎಷ್ಟಾಯಿತು ಎಂದು ಕೇಳುತ್ತಿದ್ದರು. ಅಜ್ಜನಿಗೆ ಒಂದು ಜಿಲ್ಲೆಯಲ್ಲಿ ನಾಲ್ಕಾರು ಮತ ಹೆಚ್ಚಿಗೆ ಬಂದಾಗ ಎಲ್ಲರಿಗೂ ಚಹಾ ಹೇಳಿದರು. ಆ ದೇಶದಲ್ಲಿ ಆ ಮುದುಕನ ಗೆಲುವಿಗೆ ಹರಸಿದವರು ಎಷ್ಟು ಜನವೋ, ನಮ್ಮ ಹಿದ್ದಿನಲ್ಲಂತೂ ಒಬ್ಬರಿದ್ದರು.

ಶುಕ್ರವಾರ ಅವರು ಜುಫೈರಿನ ನಮ್ಮ ಫ್ಲಾಟಿಗೆ ಊಟಕ್ಕೆ ಬರುತ್ತಿದ್ದರು. ಅವರ ಹೆಂಡತಿ ಮಕ್ಕಳು ಊರಲ್ಲೇ ಇದ್ದರು. ನಮ್ಮ ಕಟ್ಟಡದಲ್ಲಿ ಅಮೆರಿಕದ ನೌಕಾನೆಲೆಯ ಕೆಲವರು ಬಾಡಿಗೆಗಿದ್ದರು. ಒಂದು ಸಲ ಲಿಫ್ಟಿನಲ್ಲಿ ಎತ್ತರದ ಒಬ್ಬ ಯುವಕ ಸಿಕ್ಕ. ಅಮೆರಿಕದಲ್ಲಿ ಆಗ ಚುನಾವಣೆಯ ಕಾಲ. ಅಣ್ಣ ಬಿಡುತ್ತಾರೆಯೇ, ನಿನ್ನ ಮತ ಯಾರಿಗೆ ಎಂದು ನೇರವಾಗಿ ಕೇಳಿಬಿಟ್ಟರು. ನಾನು ಲಿಫ್ಟಿನ ಗುಂಡಿಗಳನ್ನು ಓದುವವನ ಹಾಗೆ ನಿಂತೆ. ಅವನು ನಕ್ಕು, ಅದನ್ನು ಹೇಳುವುದಿಲ್ಲ ಸರ್, ಆದರೆ ಹಾಕಿಯಾಗಿದೆ ಎಂದ. ಅಣ್ಣ ಅವನ ಕೈಕುಲುಕಿ ಅಭಿನಂದಿಸಿದರು. ಆಮೇಲೆ ನಮ್ಮ ಮನೆಯ ಸೋಫಾದಲ್ಲಿ ಕೂತು, ಎಷ್ಟು ಒಳ್ಳೆಯ ಹುಡುಗ, ಹೇಳಲೂ ಇಲ್ಲ, ಬೇಜಾರೂ ಮಾಡಲಿಲ್ಲ ಎಂದು ಊಟ ಮುಗಿಯುವವರೆಗೆ ಹೊಗಳಿದರು.

ನನ್ನ ಮಗಳಿಗೆ ಆಗ ಹನ್ನೆರಡು. ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ನಮ್ಮ ರಾಷ್ಟ್ರಪತಿಗೆ ಅಪ್ಪ ಯಾಕೆ ವೋಟ್ ಮಾಡಲ್ಲ ಎಂದು ಅವಳು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ವಿವರಿಸಲು ಶುರು ಮಾಡಿದರು. ಜನ ಶಾಸಕರನ್ನೂ ಸಂಸದರನ್ನೂ ಆರಿಸುತ್ತಾರೆ, ಅವರು ರಾಷ್ಟ್ರಪತಿಯನ್ನು ಆರಿಸುತ್ತಾರೆ, ಒಂದೊಂದು ರಾಜ್ಯದ ಶಾಸಕನ ಮತಕ್ಕೆ ಒಂದೊಂದು ತೂಕ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ತೂಕ ಎಂದರೇನು ಎಂದು ಅವಳು ಕೇಳಿದ್ದಕ್ಕೆ ತಟ್ಟೆಯಲ್ಲಿದ್ದ ದೋಸೆಗಳನ್ನು ಹರಿದು ಇದು ಉತ್ತರ ಪ್ರದೇಶ, ಇದು ಕರ್ನಾಟಕ, ಈ ಚೂರು ಗೋವಾ ಎಂದು ಜೋಡಿಸಿದರು. ಗಾತ್ರ ಹೇಗೆ ಲೆಕ್ಕ ಹಾಕುತ್ತಾರೆ ಎಂದು ಮತ್ತೆ ಪ್ರಶ್ನೆ ಬಂತು. ಅಣ್ಣ ನನ್ನ ಕಡೆ ನೋಡಿದರು. ನಾನು ಅಕೌಂಟೆಂಟ್, ಆದರೂ ಚಟ್ನಿಯ ಕಡೆ ನೋಡಿದೆ. ಅದು ಹಿಟ್ಟಿನ ಮೇಲೆ ಹೋಗುತ್ತದೆ ಎಂದು ಹೇಳಿ ಅವರು ಗೋವಾವನ್ನು ಬಾಯಿಗೆ ಹಾಕಿಕೊಂಡರು. ಈಗಲೂ ನಮ್ಮ ಮನೆಯಲ್ಲಿ ದೋಸೆ ಸಣ್ಣದಾದರೆ ಮಗಳು ಇವತ್ತು ಗೋವಾ ಎನ್ನುತ್ತಾಳೆ.

ಇಷ್ಟೆಲ್ಲ ಹುಚ್ಚು ಎಲ್ಲಿಂದ ಬಂತು ಎಂದು ನಾನು ಕೇಳಿದ್ದು ಒಂದೇ ಸಲ. ಹಿದ್ದಿನಿಂದ ರಾಜಧಾನಿ ಮನಾಮಾಕ್ಕೆ ಬರುವ ಸೇತುವೆಯ ಮೇಲೆ ಗಾಡಿಗಳು ನಿಂತಲ್ಲೇ ನಿಂತಿದ್ದ ಒಂದು ಸಂಜೆ. ಅವರೇ ಹೇಳಿದರು. ಬಹ್ರೇನಿಗೆ ಬರುವ ಮೊದಲು, ಮದುವೆಗೂ ಮೊದಲು, ಅವರು ಊರಿನ ಪಂಚಾಯತಿ ಚುನಾವಣೆಗೆ ನಿಂತಿದ್ದರಂತೆ. ಸಿಕ್ಕಿದ ಗುರುತು ಹೊಲಿಗೆ ಯಂತ್ರ. ಮನೆಮನೆಗೆ ಹೋಗಿ ಹೊಲಿಗೆ ಯಂತ್ರಕ್ಕೆ ಹಾಕಿ ಎಂದರೆ ಒಬ್ಬ ಅಜ್ಜಿ ಒಳಗಿನಿಂದ ಹರಿದ ರವಿಕೆ ತಂದುಕೊಟ್ಟಳಂತೆ. ಇದನ್ನು ಹೇಳಿ ಅವರು ಸ್ಟಿಯರಿಂಗ್ ತಟ್ಟಿಕೊಂಡು ನಕ್ಕರು, ನಾನೂ ನಕ್ಕೆ. ಸೋತರು, ಹೀನಾಯವಾಗಿ. ಗೆದ್ದವನ ಮೆರವಣಿಗೆ ಪಟಾಕಿ ಸಮೇತ ಅವರ ಮನೆಯ ಮುಂದೆಯೇ ಹೋಯಿತು.

"ಆ ದಿನ ಮನೆಯಲ್ಲಿ ಯಾರೂ ಬೈಲಿಲ್ಲ ಮಾರಾಯ್ರೆ," ಎಂದರು. "ಊಟಕ್ಕೆ ಕರಿಲೂ ಇಲ್ಲ. ಅವರವರು ಉಂಡು ಎದ್ರು. ನಾನೇ ಹೋಗಿ ಬಡಿಸಿಕೊಂಡೆ. ಅನ್ನ ತಣ್ಣಗಾಗಿತ್ತು. ಸೋತದ್ದು ಮರೆತು ಹೋಗಿದೆ, ಆ ಅನ್ನ ಮರೆಯುದಿಲ್ಲ."

ಮುಂದಿನ ಗಾಡಿ ಚಲಿಸಿತು, ಅವರು ಗೇರು ಹಾಕಿದರು. ನನಗೆ ಊಟದ ಕೋಣೆಯ ಪದ್ಧತಿ ಅರ್ಥವಾದದ್ದು ಆಗ. ಈ ಮನುಷ್ಯನ ಮೇಲೆ ನನಗಿದ್ದದ್ದು ಬರೀ ಸ್ನೇಹವಲ್ಲ, ಅಕ್ಕರೆ ಎನ್ನುವುದೂ ಆಗಲೇ ತಿಳಿಯಿತು.

ಇನ್ನು ನಮ್ಮ ಸಂಘದ ಕಥೆ. ಇಲ್ಲಿರುವ ಕನ್ನಡಿಗರ ಒಂದು ಚಿಕ್ಕ ಸಂಘ. ಅದಕ್ಕೆ ಎರಡು ವರ್ಷಕ್ಕೊಮ್ಮೆ ಅಧ್ಯಕ್ಷರು. ನಿಯಮದ ಪ್ರಕಾರ ಚುನಾವಣೆ ನಡೆಯಬೇಕು. ರೂಢಿಯ ಪ್ರಕಾರ ನಡೆಯುವುದಿಲ್ಲ. ಒಂದು ಸಲ ಕರಾವಳಿಯವರು, ಮುಂದಿನ ಸಲ ಘಟ್ಟದ ಮೇಲಿನವರು, ಇದು ಹಿರಿಯರು ಹಾಕಿಕೊಟ್ಟ ಸರದಿ. ಸರದಿ ಬಂದ ಕಡೆಯ ನಾಲ್ಕು ಜನ ಯಾರದಾದರೂ ಮನೆಯಲ್ಲಿ ಸೇರಿ, ಬೋಂಡ ತಿಂದು, ಒಂದು ಹೆಸರು ಹೇಳುತ್ತಾರೆ. ಆಚೆ ಕಡೆಯವರು ಆಗಲಿ ಎನ್ನುತ್ತಾರೆ. ಅದಾದ ಮೇಲೆ ಅವಿರೋಧ ಆಯ್ಕೆ, ಹಾರ, ಫೋಟೋ, ಊಟ. ಜಗಳವಿಲ್ಲ, ಖರ್ಚಿಲ್ಲ, ಎಲ್ಲರಿಗೂ ನೆಮ್ಮದಿ. ಎರಡು ವರ್ಷದ ಹಿಂದೆ ಬೋಂಡ ತಿಂದವರು ಹೇಳಿದ್ದು ನನ್ನ ಹೆಸರು.

ನಾನು ಬೇಡ ಬೇಡ ಎಂದೆ, ಆದರೆ ಜೋರಾಗಿ ಅನ್ನಲಿಲ್ಲ. ಮನಾಮಾದ ಸೂಕ್ ಪೇಟೆಯಲ್ಲಿ ಸೂಟು ಹೊಲಿಯಲು ಕೊಟ್ಟೆ. ಅಧಿಕಾರ ಸ್ವೀಕಾರದ ಭಾಷಣವನ್ನು ಕನ್ನಡಿಯ ಮುಂದೆ ನಿಂತು ಮಗಳ ಕಣ್ಣಿಗೆ ಬೀಳದ ಹಾಗೆ ಅಭ್ಯಾಸ ಮಾಡಿದೆ. ದಾವಣಗೆರೆಯಲ್ಲಿ ನನ್ನ ತಮ್ಮ ಆಗಲೇ ನೆಂಟರಿಗೆಲ್ಲ ಹೇಳಿಯಾಗಿತ್ತು. ನಾಮಪತ್ರ ಸಲ್ಲಿಸುವ ಕೊನೆಯ ದಿನ, ಬಾಗಿಲು ಹಾಕುವ ಹೊತ್ತಿಗೆ, ಅಣ್ಣ ಗೋದಾಮಿನ ಬೂಟು ಕಳಚದೆ ಬಂದು ತಮ್ಮ ನಾಮಪತ್ರ ಕೊಟ್ಟು ಹೋದರು.

ಮನೆಯಲ್ಲಿ ನನ್ನ ಹೆಂಡತಿ, ನಿಮ್ಮಣ್ಣಾರು ಹಿಂಗ್ ಮಾಡ್‌ಬಾರ್ದಿತ್ರೀ ಎಂದಳು. ಆ ಶುಕ್ರವಾರ ಅವರು ಊಟಕ್ಕೆ ಬರುತ್ತಾರೋ ಇಲ್ಲವೋ ಎಂದು ನಾವಿಬ್ಬರೂ ಬಾಗಿಲ ಕಡೆಯೇ ಕಿವಿಕೊಟ್ಟಿದ್ದೆವು. ಬಂದರು, ಎಂದಿನಂತೆ ಸಮಯಕ್ಕೆ ಸರಿಯಾಗಿ, ಕೈಯಲ್ಲಿ ಕಲ್ಲಂಗಡಿ ಹಣ್ಣು ಹಿಡಿದುಕೊಂಡು.

"ಏನ್ರೀ ಅಣ್ಣ, ನನ್ ಎದುರಿಗೆ ನೀವೇ ನಿಲ್ಲೋದಾ," ಎಂದೆ. "ನಾನೇನ್ ಮಾಡಿದ್ದೆ ನಿಮಗೆ."

"ನಿಮ್ಮ ಮೇಲೆ ಎಂತದೂ ಇಲ್ಲ ಮಾರಾಯ್ರೆ," ಎಂದು ಅವರು ಹಣ್ಣನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. "ಎದುರು ಜನವೇ ಇಲ್ಲದೆ ಗೆದ್ರೆ ಅದು ಗೆದ್ದದ್ದಾ? ಅಷ್ಟು ದೇಶದ ಚುನಾವಣೆ ನೋಡಿದೆ, ನಮ್ಮದೊಂದನ್ನೇ ನೋಡ್ಲಿಲ್ಲ. ಆರು ತಿಂಗಳಲ್ಲಿ ನಾನು ಹೇಗೂ ಊರಿಗೆ ಹೋಗುವವ. ನಿಮಗೊಂದು ಸರಿಯಾದ ಗೆಲುವು ಕೊಟ್ಟು ಹೋಗ್ತೇನೆ. ಸೋಲುದು ನನಗೆ ಅಭ್ಯಾಸ ಉಂಟು."

ಅವರಿಗೆ ನಿವೃತ್ತಿಯ ದಿನ ಗೊತ್ತಾಗಿತ್ತು, ನನಗೂ ಗೊತ್ತಿತ್ತು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲಾಗಲಿಲ್ಲ, ಆದರೂ ಆ ದಿನ ಕಲ್ಲಂಗಡಿ ನನಗೆ ರುಚಿಸಲಿಲ್ಲ. ನನಗೆ ಬೇಕಾಗಿದ್ದದ್ದು ಹಾರ ಮತ್ತು ಫೋಟೋ, ಚುನಾವಣೆಯಲ್ಲ.

ಪ್ರಚಾರ ಶುರುವಾಯಿತು. ನಾನು ಸೂಟಿನ ಫೋಟೋ ಹಾಕಿ ಒಂದು ಪೋಸ್ಟರ್ ಮಾಡಿಸಿ ಗುಂಪಿಗೆ ಕಳಿಸಿದೆ. ಅಣ್ಣ ಸಂಜೆ ಕೆಲಸ ಮುಗಿಸಿ ಸೆಗಯಾದ ಮೆಟ್ಟಿಲು ಹತ್ತಿದರು. ಅಲ್ಲಿನ ಹಳೆಯ ಫ್ಲಾಟುಗಳಲ್ಲಿ ಒಂದೊಂದು ಕೋಣೆಯಲ್ಲಿ ಏಳೆಂಟು ಜನ ಇರುತ್ತಾರೆ, ಎಸಿ ಮೆಕ್ಯಾನಿಕ್‌ಗಳು, ಹೋಟೆಲಿನವರು, ಟೈಲರುಗಳು. ಸಂಘದ ವಾರ್ಷಿಕ ಚಂದಾ ಕೊಡುವವರು, ಆದರೆ ಇದುವರೆಗೆ ಅವರ ಮನೆಗೆ ಮತ ಕೇಳಿಕೊಂಡು ಯಾರೂ ಹೋಗಿರಲಿಲ್ಲ. ಹೋಗುವ ಅಗತ್ಯವೇ ಬಿದ್ದಿರಲಿಲ್ಲವಲ್ಲ. ಅಣ್ಣ ಹೋಗಿ ಹೇಳುತ್ತಿದ್ದದ್ದು ಇಷ್ಟೇ ಎಂದು ಆಮೇಲೆ ಕೇಳಿದೆ. ಅಕೌಂಟೆಂಟರು ನನಗಿಂತ ಓದಿದವರು, ಲೆಕ್ಕದಲ್ಲಿ ಗಟ್ಟಿ, ಊಟಕ್ಕೆ ಕರೆದರೆ ಹೊಟ್ಟೆ ತುಂಬ ಹಾಕುವವರು, ಅವರಿಗೆ ಹಾಕಿದರೂ ಆಗುತ್ತದೆ, ಆದರೆ ಬಂದು ಹಾಕಿ. ಹೀಗೆ ಎದುರಾಳಿಯ ಪ್ರಚಾರ ಮಾಡಿಕೊಂಡು ಅವರು ಒಂದೊಂದೇ ಕೋಣೆಯಲ್ಲಿ ಚಹಾ ಕುಡಿದರು. ಅವರ ಲೆಕ್ಕದಲ್ಲಿ ಇದು ಸೋಲುವುದಕ್ಕೆ ಖಚಿತವಾದ ದಾರಿ. ಅವರ ಜೀವಮಾನದ ದೊಡ್ಡ ತಪ್ಪು ಲೆಕ್ಕ ಅದೇ.

ಚುನಾವಣೆ ಒಂದು ಶುಕ್ರವಾರ, ಬಾಡಿಗೆಯ ಹಾಲಿನಲ್ಲಿ. ಮಧ್ಯಾಹ್ನ ಎಲೆ ಊಟ. ಸಾಮಾನ್ಯವಾಗಿ ಊಟದ ಹೊತ್ತಿಗೆ ಬರುವ ಜನ ಅಂದು ಬೆಳಿಗ್ಗೆಯೇ ಬಂದರು. ಸೆಗಯಾದಿಂದ ಬಾಡಿಗೆ ವ್ಯಾನು ಮಾಡಿಕೊಂಡು ಬಂದರು, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಸಾಲು ನಿಂತರು. ಊರಲ್ಲಿ ಮತ ಹಾಕಿ ವರ್ಷಗಳೇ ಆಗಿದ್ದವರು. ಒಬ್ಬ ಹುಡುಗ ಬೆರಳಿಗೆ ಶಾಯಿ ಹಚ್ಚುವುದಿಲ್ಲವಾ ಎಂದು ಕೇಳಿದ, ಚುನಾವಣಾಧಿಕಾರಿಯಾಗಿ ಕೂತಿದ್ದ ನಿವೃತ್ತ ಟೀಚರಮ್ಮ ತಮ್ಮ ಪೆನ್ನಿನಿಂದಲೇ ಅವನ ಬೆರಳಿಗೆ ಗೆರೆ ಎಳೆದರು. ಆಮೇಲೆ ಎಲ್ಲರೂ ಬೆರಳು ಚಾಚಿದರು. ನಮ್ಮ ಗೋದಾಮಿನ ರಾಮೋನ್, ಜೋಸೆಲಿನ್, ನಿಮಲ್ ಮೂವರೂ ನೋಡಲು ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಅವರ ಅಣ್ಣ ಅಧ್ಯಕ್ಷರ ಚುನಾವಣೆಗೆ ನಿಂತಿದ್ದಾರೆ ಎಂದರೆ ಬಿಡುವುದುಂಟೆ.

ಎಣಿಕೆ ಮುಗಿಯಿತು. ಟೀಚರಮ್ಮ ಎದ್ದು ನಿಂತು ಓದಿದರು. ಅಣ್ಣ ಗೆದ್ದಿದ್ದರು.

ಅವರ ಮುಖ ನೋಡಬೇಕಿತ್ತು. ಗೋದಾಮಿಗೆ ಬೇರೆ ಯಾರದೋ ಕಂಟೇನರ್ ಬಂದು ಇಳಿದಾಗ ಅವರು ಹಾಗೆ ನೋಡುತ್ತಿದ್ದರು. ಇಲ್ಲ, ಎಲ್ಲೋ ತಪ್ಪಾಗಿದೆ, ಇನ್ನೊಮ್ಮೆ ಎಣಿಸಿ ಎಂದರು. ಗೆದ್ದವರೇ ಮರುಎಣಿಕೆ ಕೇಳಿದ್ದನ್ನು ಯಾವ ದೇಶದಲ್ಲಿ ಯಾರು ಕಂಡಿದ್ದಾರೋ ನಾನರಿಯೆ. ಟೀಚರಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಮೊದಲ ಎಣಿಕೆಯಲ್ಲಿ ಮಡಚಿಕೊಂಡು ಅಂಟಿದ್ದ ಒಂದು ಚೀಟಿ ಬಿಡಿಸಿಕೊಂಡು ಅವರಿಗೆ ಒಂದು ಮತ ಹೆಚ್ಚೇ ಆಯಿತು. ಸಾಕು, ಸಾಕು ಎಂದು ಅಣ್ಣ ಗಾಬರಿಯಿಂದ ಕೈ ಅಡ್ಡ ಹಿಡಿದರು. ಇನ್ನೊಂದು ಸಲ ಎಣಿಸಿದರೆ ಇನ್ನಷ್ಟು ಬರಬಹುದಿತ್ತು.

ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ನನಗೆ ಸೋಲು ಅಭ್ಯಾಸವಿರಲಿಲ್ಲ. ಸೂಟಿನೊಳಗೆ ಬೆವರುತ್ತಿದ್ದೆ. ತಮ್ಮನಿಗೆ ಏನು ಹೇಳುವುದು ಎನ್ನುವುದೊಂದೇ ತಲೆಯಲ್ಲಿತ್ತು. ಜನ ಊಟಕ್ಕೆ ಏಳುತ್ತಿದ್ದಂತೆ, ಹೆಂಡತಿಗೆ ತಲೆನೋವು ಎಂದೇನಾದರೂ ಹೇಳಿ ಹೊರಟುಬಿಡೋಣ ಎಂದು ಬಾಗಿಲ ಕಡೆ ಸರಿದೆ. ಅಲ್ಲಿ ಜೋಸೆಲಿನ್ ನಿಂತಿದ್ದಳು. ನನ್ನ ತೋಳು ಹಿಡಿದು ಊಟದ ಸಾಲಿನ ಕಡೆ ತಿರುಗಿಸಿದಳು.

"ಸರ್, ಯು ಸಿಟ್ ಫಸ್ಟ್," ಎಂದಳು. "ರೂಲ್."

ಮೊದಲ ಸಾಲಿನ ಮೊದಲ ಎಲೆಯ ಮುಂದೆ ನನ್ನನ್ನು ಕೂರಿಸಿದರು. ಉಳಿದವರು ನಿಂತೇ ಇದ್ದರು. ಸಂಘದವರಿಗೆ ಈ ಪದ್ಧತಿ ತಿಳಿಯದು, ಆದರೆ ಗೋದಾಮಿನ ಮೂವರು ಯಾರನ್ನೂ ಕೂರಲು ಬಿಡಲಿಲ್ಲ. ಅಣ್ಣ ಅಡುಗೆಯವರ ಕೈಯಿಂದ ಅನ್ನದ ಬಕೆಟ್ ತೆಗೆದುಕೊಂಡು ಬಂದರು. ಎಷ್ಟೋ ದೇಶದವರ ಕೈಗೆ ಪಾತ್ರೆ ಕೊಟ್ಟು ಬಡಿಸು ಎಂದವರು, ತಾವು ಒಮ್ಮೆಯೂ ಬಡಿಸಿದವರಲ್ಲ. ಬಡಿಸುವುದು ಗೆದ್ದವರ ಕೆಲಸ, ಅವರೋ ಯಾವಾಗಲೂ ಸೋತವರ ಕಡೆ. ಸೌಟನ್ನು ತುಂಬ ಮೇಲಿನಿಂದ ಬಗ್ಗಿಸಿದರು. ಅನ್ನ ಎಲೆಯ ಮೇಲೆ ಅರ್ಧ, ನನ್ನ ಹೊಸ ಸೂಟಿನ ಮೇಲೆ ಅರ್ಧ ಬಿತ್ತು. ಅನ್ನ ಬಿಸಿಯಾಗಿತ್ತು. ಅವರು ಅದರ ಹಬೆಯನ್ನೇ ನೋಡುತ್ತ ನಿಂತರು.

ಸೇತುವೆಯ ಮೇಲಿನ ಸಂಜೆ ನನಗೆ ನೆನಪಾಯಿತು. ಕೋಪವೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನನಗೆ ಅವರ ಮೇಲೆ ಇದ್ದದ್ದು ಪ್ರೀತಿ ಮಾತ್ರ, ಅದನ್ನು ಈಗ ಹೇಳದಿದ್ದರೆ ಯಾವಾಗ ಹೇಳಲಿ.

"ಇನ್ ಸ್ವಲ್ಪ ಹಾಕ್ರೀ ಅಧ್ಯಕ್ಷರೇ," ಎಂದೆ.

ಅವರನ್ನು ಹಾಗೆ ಕರೆದವರಲ್ಲಿ ನಾನೇ ಮೊದಲಿಗ. ಅವರು ಹಾಕಿದರು, ಸೌಟಿನ ಮೇಲೆ ಸೌಟು, ನಾನು ಸಾಕು ಎಂದರೂ ನಿಲ್ಲಿಸಲಿಲ್ಲ. ನಾನು ಒಂದು ತುತ್ತು ಬಾಯಿಗಿಟ್ಟ ಮೇಲೆ ಸಭೆ ಊಟಕ್ಕೆ ಕೂತಿತು.

ಆರು ತಿಂಗಳು ಅಣ್ಣ ಅಧ್ಯಕ್ಷರಾಗಿದ್ದರು. ಆಡಳಿತದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ವೇದಿಕೆಯ ಮೇಲಿನಿಂದ ನನ್ನನ್ನು ಮಾನ್ಯ ಎದುರಾಳಿಯವರೇ ಎಂದು ಕರೆಯುತ್ತಿದ್ದರು, ಖರ್ಚಿನ ವಿಷಯ ಬಂದರೆ ಎದುರಾಳಿಯವರನ್ನು ಕೇಳಿ ಎನ್ನುತ್ತಿದ್ದರು. ರಾಜ್ಯೋತ್ಸವದ ದಿನ ಮೈಕು ಕೆಟ್ಟಾಗ ಮೈಕಿಲ್ಲದೆಯೇ ಇಡೀ ಕಾರ್ಯಕ್ರಮ ನಡೆಸಿದರು, ಹಿಂದಿನ ಸಾಲಿಗೂ ಕೇಳಿಸಿತು. ಆಮೇಲೆ ಊರಿಗೆ ಹೊರಟರು. ಉಳಿದ ಅವಧಿಯನ್ನು ಉಪಾಧ್ಯಕ್ಷರು ನೋಡಿಕೊಂಡರು. ವಿಮಾನ ನಿಲ್ದಾಣಕ್ಕೆ ನಾವೆಲ್ಲ ಹೋಗಿದ್ದೆವು. ಜೋಸೆಲಿನ್ ಒಂದು ಪೊಟ್ಟಣ ಕೊಟ್ಟಳು, ಬಿಚ್ಚಿ ನೋಡಿದರೆ ಉಪ್ಪು. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು, ನಾನು ನಗುವುದನ್ನು ಬಿಟ್ಟು ಬರೀ ಕಣ್ಣೊರೆಸಿಕೊಂಡೆ. ಅವರಿಲ್ಲದ ಗೋದಾಮು ಎಷ್ಟು ಸದ್ದಿಲ್ಲದ ಜಾಗ ಎಂದು ಅದುವರೆಗೆ ತಿಳಿದಿರಲಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಫೋನು ಬಂತು. ಕ್ಷೇಮ ಸಮಾಚಾರವಾಯಿತು. ಅಲ್ಲಿ ಅವರ ಹೆಂಡತಿಗೆ ಮೀನುಸಾರಿನ ವಿಷಯದಲ್ಲಿ ಬೇರೆ ಅಭಿಪ್ರಾಯವಿದೆಯಂತೆ, ಮನೆಯಲ್ಲಿ ಈಗ ವಿರೋಧಪಕ್ಷ ಬಲವಾಗಿದೆ ಎಂದರು. ಆಮೇಲೆ ನನ್ನ ಫೋಟೋ ನೋಡಿದೆ ಎಂದರು, ಸೂಟಿನ ಕಲೆ ಹೋಗಿದೆಯಾ ಎಂದು ಕೇಳಿದರು. ಹೋಗಿದೆ ಎಂದೆ. ಎದುರು ಯಾರು ನಿಂತಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ, ಹೋದ ಸಲ ತಪ್ಪಿದ ಘಟ್ಟದ ಮೇಲಿನವರ ಸರದಿ ಈ ಸಲ ಶಾಂತವಾಗಿ ಆಗಲಿ ಎಂದು ಎಲ್ಲರೂ ಹೇಳುತ್ತಿದ್ದಾರೆ ಎಂದೆ.

"ಹಾಗಾದ್ರೆ ಮೊದಲ ಎಲೆ ಯಾರಿಗೆ ಹಾಕ್ತೀರಿ ಮಾರಾಯ್ರೆ?"

ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿದೆ. ನಿನ್ನೆ ಸಂಜೆ ಸೆಗಯಾಕ್ಕೆ ಹೋದೆ. ಅಲ್ಲಿ ಉಡುಪಿ ಕಡೆಯ ಒಬ್ಬ ಟೈಲರ್ ಇದ್ದಾನೆ, ಸಂಘ ಏನು ಮಾಡಿದರೂ ಅದರಲ್ಲಿ ಒಂದು ಕೊಂಕು ತೆಗೆಯದೆ ಬಿಡುವವನಲ್ಲ. ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಖಾಲಿ ನಾಮಪತ್ರ ಮುಂದಿಟ್ಟು, ನನ್ನ ಎದುರು ನಿಲ್ಲಬೇಕು ಎಂದು ಕೇಳಿಕೊಂಡೆ. ಅವನು ಮೊದಲು ನನಗೆ ಬಿಸಿಲು ತಾಗಿದೆಯೇನೋ ಎಂದು ನೋಡಿದ. ಆಮೇಲೆ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಸಹಿ ಮಾಡಿದ. ಮಾತು ಚೆನ್ನಾಗಿದೆ, ಜನಬಳಕೆ ಇದೆ, ಗೆದ್ದರೂ ಗೆದ್ದಾನು. ಬಡಿಸುವುದನ್ನು ಮಾತ್ರ ಅವನಿಗೆ ಮೊದಲೇ ಹೇಳಿಕೊಟ್ಟು ಬಂದಿದ್ದೇನೆ.